ದೋಣಿ ತಟ್ಟಿ ನೋಡಿದ್ದು

ಒಂದು ವಿದ್ಯೆಯಲ್ಲಿ ಕೈ ಕುದುರಿದ ಮನುಷ್ಯನನ್ನು ಅವನ ಪಾಡಿಗೆ ಬಿಡುವುದು ನಮ್ಮ ಕಡೆಯ ಜನಕ್ಕೆ ಗೊತ್ತಿಲ್ಲ. ಹಲ್ಲಿನ ಡಾಕ್ಟರು ಮದುವೆ ಮನೆಗೆ ಬಂದರೆ ಮಂಡಿ ನೋವು ಹೇಳಿಕೊಳ್ಳುತ್ತಾರೆ. ಗಡಿಯಾರ ರಿಪೇರಿ ಮಾಡುವವನ ಮುಂದೆ ಮಿಕ್ಸಿ ತಂದಿಡುತ್ತಾರೆ. ನನ್ನ ವಿದ್ಯೆ ತೀರಾ ಚಿಕ್ಕದು. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಹೇಳಬಲ್ಲೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಕಾಯಿಯಲ್ಲಿ ನೀರು ಇಂಗುತ್ತದೆ. ಆಮೇಲೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆಯಾಗಿ ಒಳಗೇ ಓಡಾಡುತ್ತದೆ. ಆ ಪೊಳ್ಳು ಸದ್ದು ಬಂದರೆ ಕಾಯಿ ಒಡೆಯಬಹುದು. ಗಟ್ಟಿ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ತುರುವೇಕೆರೆಯ ಆಸುಪಾಸಿನಲ್ಲಿ ಯಾರ ಮನೆಯಲ್ಲಿ ಕಾಯಿ ಇಳಿಸಿದರೂ ‘ಚಂದ್ರಣ್ಣ ಒಂದ್ಸಲ ತಟ್ಟಲಿ’ ಎಂದು ನನಗೆ ಹೇಳಿಕಳಿಸುತ್ತಾರೆ. ಇಷ್ಟೇ ವಿದ್ಯೆಯನ್ನು ನಂಬಿಕೊಂಡು ಹೋದ ತಿಂಗಳು ನನ್ನನ್ನು ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್ ದೋಣಿ ನೋಡಲು ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ನಾನು ಕಂಡಷ್ಟೇ, ನಡೆದ ಕ್ರಮದಲ್ಲೇ ಹೇಳುತ್ತೇನೆ. ಎದೆ ಇನ್ನೂ ಪೂರ್ತಿ ಸ್ವಸ್ಥಾನಕ್ಕೆ ಬಂದಿಲ್ಲವಾದ್ದರಿಂದ ನಿಧಾನವಾಗಿ ಹೇಳುವುದನ್ನು ಓದುಗರು ಸಹಿಸಬೇಕು.

ತೆಂಗಿನ ಸೀಮೆಯವರಿಗೆ ದೋಣಿ ಏಕೆ ಎಂದು ಕೇಳಬಹುದು. ಕಾರಣ ನನ್ನ ಬಾಮೈದ ಲೋಕೇಶ. ಅವನಿಗೆ ಕುಂದಾಪುರದ ಕಡೆ ಕೆಲಸ. ಮನೆ ಹೊಳೆಯ ದಂಡೆಯಲ್ಲೇ ಇದೆ. ಪ್ರತಿ ಬೇಸಿಗೆಯಲ್ಲಿ ನಾವು ಅಲ್ಲಿ ಒಂದು ವಾರ ಇದ್ದು ಬರುತ್ತೇವೆ. ಹೋದ ಬೇಸಿಗೆಯಲ್ಲಿ ಅವನು ಬಾಡಿಗೆ ದೋಣಿ ಹಿಡಿದು ನಮ್ಮನ್ನೆಲ್ಲ ಹೊಳೆಯಿಂದ ಸಮುದ್ರದ ಬಾಯಿಯವರೆಗೆ ಸುತ್ತಾಡಿಸಿದ. ಎಂಬತ್ತು ದಾಟಿದ ನಮ್ಮವ್ವ, ನನ್ನ ಹೆಂಡತಿ ನಿರ್ಮಲ, ಲೋಕೇಶನ ಹೆಂಡತಿ ಮಕ್ಕಳು, ಎಲ್ಲರೂ ಗಾಳಿಗೆ ಮುಖ ಕೊಟ್ಟು ನಗುತ್ತಿದ್ದರು. ನಾನೂ ನಗುತ್ತಿರುವಂತೆ ಫೋಟೋದಲ್ಲಿ ಕಾಣುತ್ತದೆ. ಅದು ನಗುವಲ್ಲ, ಹಲ್ಲು ಕಚ್ಚಿಕೊಂಡದ್ದು. ಕಬ್ಬಿಣದ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ದಡ ಸೇರಿದ ಮೇಲೂ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ನನಗೆ ನೀರೆಂದರೆ ಭಯ. ತೋಟದ ಬಾವಿ ಮುಚ್ಚಿಸಿ ಬೋರ್ ಕೊರೆಸಿದಾಗ ಊರಿನವರು ನನ್ನನ್ನು ಪ್ರಗತಿಪರ ರೈತ ಎಂದು ಹೊಗಳಿದರು. ಕಾರಣ ಬೇರೆಯೇ ಇತ್ತು. ಈ ಭಯವನ್ನು ಬಾಯಿಬಿಟ್ಟು ಹೇಳುವುದೆಂದರೆ ನನಗೆ ಇನ್ನೂ ಹೆಚ್ಚಿನ ಭಯ. ಹಾಗಾಗಿ ಆ ಸಂಜೆ ಲೋಕೇಶ, ‘ಭಾವ, ನಾವೇ ಒಂದು ದೋಣಿ ತಗಂಡ್ರೆ ಹೆಂಗೆ? ಹಳೇದೇ ಆಗ್ಲಿ. ನೋಡಿ ಆರಿಸೋಕೆ ನೀವಿದ್ದೀರಲ್ಲ,’ ಎಂದಾಗ ನಾನು ಗಂಭೀರವಾಗಿ, ‘ನೋಡೋಣ’ ಎಂದೆ. ಅದನ್ನು ಮನೆಮಂದಿಯೆಲ್ಲ ಒಪ್ಪಿಗೆ ಎಂದು ತಿಳಿದರು.

ಲೋಕೇಶ ಕರಾವಳಿಯುದ್ದಕ್ಕೂ ಹುಡುಕಿದ. ಕೊನೆಗೆ ದೋಣಿ ಸಿಕ್ಕಿದ್ದು ನಮ್ಮ ದಬ್ಬೇಘಟ್ಟದ ಹತ್ತಿರ, ಒಂದು ತೆಂಗಿನ ತೋಟದಲ್ಲಿ. ಅದರ ಮಾಲೀಕರು ಕೊಬ್ಬರಿ ವ್ಯಾಪಾರಿ ಬಸವರಾಜಣ್ಣ. ಕೆರೆ ಕೋಡಿ ಬಿದ್ದ ವರ್ಷ ಹುರುಪಿಗೆ ಬಿದ್ದು, ಜನರನ್ನು ಕೂರಿಸಿಕೊಂಡು ಸುತ್ತಿಸೋಣವೆಂದು ಮಂಗಳೂರಿನ ಕಡೆಯಿಂದ ತರಿಸಿದ್ದರಂತೆ. ಕೆರೆಗೆ ಇಳಿಸಲು ಅನುಮತಿ ಸಿಗಲಿಲ್ಲ. ಅಂದಿನಿಂದ ಅದು ಚಕ್ರದ ಗಾಡಿಯ ಮೇಲೆ, ಎರಡು ಸಾಲು ತೆಂಗಿನ ನಡುವೆ, ಬಸ್ಸಿಗೆ ಕಾಯುವ ಮನುಷ್ಯನ ಹಾಗೆ ನಿಂತಿದೆ.

ಅಲ್ಲಿಗೆ ಹೊರಡುವ ಮೊದಲು ನನ್ನ ಪರಿಸ್ಥಿತಿಯನ್ನು ಲೆಕ್ಕ ಹಾಕಿಕೊಂಡೆ. ದೋಣಿ ಬಂದರೆ ಪ್ರತಿ ಬೇಸಿಗೆಯೂ ಹತ್ತಬೇಕು. ಸರಿಯಿಲ್ಲ ಎಂದು ನಾನು ಹೇಳಿದರೆ ಅದು ಬರುವುದಿಲ್ಲ. ಆದರೆ ತಟ್ಟಿ ನೋಡಿ ಸುಳ್ಳು ಹೇಳಲು ನನ್ನಿಂದಾಗದು. ಮೂವತ್ತು ವರ್ಷದಲ್ಲಿ ಒಂದು ಕಾಯಿಯ ವಿಚಾರದಲ್ಲೂ ಹಾಗೆ ಮಾಡಿದವನಲ್ಲ. ಆದ್ದರಿಂದ, ಒಂದೇ ಒಂದು ನಿಜವಾದ ದೋಷ ಸಿಗಲಪ್ಪಾ ಎಂದು ಬೇಡಿಕೊಂಡು ಕಾರು ಹತ್ತಿದೆ. ಹೆಂಡತಿಯೂ ಅವ್ವನೂ ಹಿಂದೆ ಕೂತರು. ರಜೆ ಹಾಕಿ ಬಂದಿದ್ದ ಲೋಕೇಶ ಓಡಿಸಿದ.

ದೋಣಿಯ ಉದ್ದ ಇಪ್ಪತ್ತೆರಡು ಅಡಿ ಎಂದು ಬಸವರಾಜಣ್ಣ ಹೇಳಿದರು. ನಾನು ಟೇಪು ಹಿಡಿದು ಅಳೆದೆ, ಇಪ್ಪತ್ತೊಂದೂಮುಕ್ಕಾಲು ಬಂತು. ದೋಷ ಎನ್ನಲು ಅದು ಸಾಲದು. ಇದಕ್ಕೆ ಸೆಂಟರ್ ಕನ್ಸೋಲ್ ದೋಣಿ ಎನ್ನುತ್ತಾರಂತೆ. ಕೋಣೆಯಿಲ್ಲ, ಗೋಡೆಯಿಲ್ಲ, ಬಯಲು ದೋಣಿಯ ನಟ್ಟನಡುವೆ ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಸ್ಟಿಯರಿಂಗು. ಓಡಿಸುವವನು ಪ್ರೈಮರಿ ಶಾಲೆಯ ಮೇಷ್ಟ್ರ ಹಾಗೆ ನಡುವೆ ನಿಂತಿರುತ್ತಾನೆ, ಸಂಸಾರ ಸುತ್ತ ಕೂತಿರುತ್ತದೆ. ಆ ಹೊತ್ತಿನಲ್ಲಿ ಸಂಸಾರದ ಜಾಗದ ತುಂಬ ಕೊಬ್ಬರಿ ಹರವಿತ್ತು.

‘ಒಣಗ್ಸಕ್ಕೆ ಇಂಥ ಕಣ ಇನ್ನೊಂದಿಲ್ಲ ಕಣ್ರೀ ಚಂದ್ರಣ್ಣ,’ ಎಂದರು ಬಸವರಾಜಣ್ಣ. ‘ಎರಡು ವರ್ಷ ಆಯ್ತು, ಒಂದು ಕೊಬ್ಬರಿಗೆ ಬೂಸ್ಟು ಬಂದಿಲ್ಲ. ಕೊಡಕ್ಕೆ ಮನಸ್ಸೇ ಇಲ್ಲ.’

ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ನಿಂತಳು. ‘ನೆಳ್ಳೆಲ್ಲೈತ್ಲಾ ಲೋಕಿ?’

‘ಮೇಲೆ ಚಾವಣಿ ಐತಲ್ಲ ಅತ್ತೆ.’

‘ಅದು ಓಡ್ಸೋನ ತಲೆಗಾಯ್ತು. ನಮ್ಮ ತಲೆಗೆ? ಹೋಗ್ಲಿ, ಕಾಲ್ಮಡಿಯಕ್ಕೆ ಎಲ್ಲಿಗೆ ಹೋಗದು?’

ಈ ಪ್ರಶ್ನೆಗೇ ಕಾದಿದ್ದವನಂತೆ ಲೋಕೇಶ ಕಟ್ಟೆಯ ಮುಂಬದಿಯ ಪುಟ್ಟ ಬಾಗಿಲು ತೆರೆದ. ಒಳಗೆ ಒಬ್ಬರು ಬಗ್ಗಿ ಕೂರುವಷ್ಟು ಜಾಗದಲ್ಲಿ ಕಕ್ಕಸು ಇದೆಯೆಂದು ಅವನು ವಿವರಿಸುತ್ತಿರುವಾಗಲೇ ಅಲ್ಲಿಂದ ಒಂದು ಕೋಳಿ ಎದ್ದು ಬಂದು, ನಮ್ಮನ್ನು ನೋಡಿ, ಅಸಮಾಧಾನದಿಂದ ಕೆಳಗೆ ಹಾರಿತು. ‘ಮೊಟ್ಟೆ ಅವೆ, ಬಾಗ್ಲು ಹಾಕ್ಬುಡಪ್ಪ,’ ಎಂದರು ಬಸವರಾಜಣ್ಣ.

ಅವ್ವ ನಿರ್ಮಲಳ ಕಡೆ ತಿರುಗಿ, ‘ಕೋಳಿ ಒಪ್ಪೈತೆ ಕಣೇ. ಇನ್ನು ನಾವು ಒಪ್ಪಬೇಕು,’ ಎಂದಳು.

ಎಂಜಿನ್ನನ್ನೂ ನೋಡಿದೆವು. ದೋಣಿಯ ವಯಸ್ಸನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಹೇಳುತ್ತಾರೆ ಎಂದು ಲೋಕೇಶ ತಿಳಿಸಿದ. ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುತ್ತದಂತೆ. ಬೋರ್‌ವೆಲ್ಲಿನ ಪೈಪು ಎಳೆದು ತಂದು ಅದರ ಬಾಯಿಗೆ ಕೊಟ್ಟರು. ಮೂರನೆಯ ಸಲಕ್ಕೆ ಎಂಜಿನ್ ಕೂಗಿತು. ತೋಟದ ತುಂಬ ನೀಲಿ ಹೊಗೆ ತುಂಬಿ ಮರದ ಮೇಲಿನ ಅಳಿಲುಗಳು ಪಕ್ಕದ ತೋಟಕ್ಕೆ ಹೋದವು. ಆದರೂ ಅದು ನಿಲ್ಲದೆ ಓಡಿತು ಎಂಬುದನ್ನು ನಾನು ವಿಷಾದದಿಂದ ದಾಖಲಿಸುತ್ತೇನೆ.

‘ಭಾವ, ಇನ್ನು ನೀವು ತಟ್ಟಿ,’ ಎಂದ ಲೋಕೇಶ. ‘ನೀವು ಹೂಂ ಅಂದ್ರೆ ಈಗ್ಲೇ ಲಾರಿಯವನಿಗೆ ಫೋನ್ ಮಾಡ್ತೀನಿ.’

ದೋಣಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಲಾಗುವುದಿಲ್ಲ. ಆದ್ದರಿಂದ ಮೂತಿಯಿಂದ ಶುರುಮಾಡಿ ಗೇಣು ಗೇಣಿಗೆ ಒಂದೊಂದು ಸಲ ತಟ್ಟುತ್ತ ಹೊರಟೆ. ಟಣ್, ಟಣ್. ಗಟ್ಟಿ ಸದ್ದು, ಇನ್ನೂ ಆಗದ ಕಾಯಿಯ ಸದ್ದು. ನನಗಾದ ಸಂತೋಷ ಹೇಳತೀರದು. ಎಡಮಗ್ಗುಲು ಟಣ್, ಬಲಮಗ್ಗುಲು ಟಣ್. ‘ಇದು ಆಗಿಲ್ಲ ಲೋಕೇಶ, ಬುಡು’ ಎಂಬ ಮಾತನ್ನು ನಾಲಗೆಯ ತುದಿಯಲ್ಲಿ ಸಿದ್ಧಮಾಡಿಟ್ಟುಕೊಂಡೇ ಹಿಂಬದಿಗೆ ಬಂದೆ. ಎಂಜಿನ್ ತೂಗುಹಾಕಿರುವ ಹಿಂದಿನ ಗೋಡೆಯಿದೆಯಲ್ಲ, ಅಲ್ಲಿ ತಟ್ಟಿದೆ.

ಡಬ್.

ಇನ್ನೊಮ್ಮೆ ತಟ್ಟಿದೆ. ಡಬ್, ಡಬ್. ಪೊಳ್ಳಾಗಿ, ಹಗುರವಾಗಿ, ಒಳಗೆ ಏನೋ ಮೆತ್ತಗೆ ಅಲುಗಿದ ಹಾಗೆ. ಇಷ್ಟು ಚೆನ್ನಾಗಿ ಬಿಟ್ಟುಕೊಂಡ ಸದ್ದನ್ನು ನಾನು ಒಳ್ಳೆಯ ವರ್ಷದ ಕಾಯಿಯಲ್ಲೂ ಹೆಚ್ಚಿಗೆ ಕೇಳಿಲ್ಲ. ನನ್ನ ಎದೆ ಕುಸಿಯಿತು, ಕಿವಿ ಮಾತ್ರ ಕುಣಿಯಿತು. ಬಸವರಾಜಣ್ಣನಿಗೂ ಕೇಳಿಸಿತ್ತು. ಅವರು ಹತ್ತಿರ ಬಂದು, ತಾವೂ ಒಮ್ಮೆ ತಟ್ಟಿ, ಕಣ್ಣು ಮುಚ್ಚಿದರು.

‘ಬಿಟ್ಕಂಡೈತೆ,’ ಎಂದರು.

‘ಚೆನ್ನಾಗಿ ಬಿಟ್ಕಂಡೈತೆ,’ ಎಂದೆ ನಾನು. ಬೇರೆ ಏನು ಹೇಳಲಿ? ಇಬ್ಬರೂ ಆ ಗೋಡೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಗೌರವದಿಂದ ನಿಂತೆವು. ಆಮೇಲೆ ನಾನು ತೀರ್ಪು ಕೊಟ್ಟೆ: ‘ಮುಂದಿನ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಹಿಂಭಾಗ ಮಾತ್ರ ಅಪರೂಪದ್ದು.’

ಲೋಕೇಶ ಲಾರಿಯವನಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದ. ಆಗ, ಇಷ್ಟು ಹೊತ್ತೂ ಸುಮ್ಮನಿದ್ದ ನಿರ್ಮಲ ಬಾಯಿ ತೆರೆದಳು.

‘ಅಲ್ಲ ಕಣ್ರೀ, ಕಾಯಿ ಒಳಗೆ ಬಿಟ್ಕಂಡ್ರೆ ಒಳ್ಳೇದು, ಒಪ್ತೀನಿ. ದೋಣಿನೂ ಬಿಟ್ಕಬೇಕಾ?’

ಬಸವರಾಜಣ್ಣ ತಮ್ಮ ಕೈಯನ್ನು ಗೋಡೆಯ ಮೇಲಿಂದ ಮೆಲ್ಲಗೆ ತೆಗೆದುಕೊಂಡರು.

ಲೋಕೇಶ ಅದೇ ಫೋನಿನಿಂದ ತನ್ನೂರಿನ ದೋಣಿ ಮೇಸ್ತ್ರಿಗೆ ಕರೆ ಮಾಡಿ, ಫೋನನ್ನು ಗೋಡೆಗೆ ಹಿಡಿದು, ‘ಭಾವ, ತಟ್ಟಿ’ ಎಂದ. ತಟ್ಟಿದೆ. ಆ ಕಡೆಯಿಂದ ಬಂದ ಕೂಗು ಎಲ್ಲರಿಗೂ ಕೇಳಿಸಿತು. ಗೋಡೆಯೊಳಗಿನ ಹಲಗೆ ಕೊಳೆತು, ಮೇಲಿನ ಫೈಬರ್ ಪದರ ಅದರಿಂದ ಕಿತ್ತು ಬಂದಿದೆ. ಅಲೆಯ ಮೇಲೆ ಜೋರು ಮಾಡಿದಿರೋ, ಎಂಜಿನ್ನು ಗೋಡೆಸಮೇತ ಸಮುದ್ರಕ್ಕೆ, ನೀವು ಅದರ ಹಿಂದೆ ಎಂದು ಅವನು ವಿವರಿಸಿದ. ನಂಬಿಕೆ ಸಾಲದಿದ್ದರೆ ಒಂದು ಬೋಲ್ಟು ಬಿಚ್ಚಿ ನೋಡಿ ಎಂದ. ಬಿಚ್ಚಿದೆವು. ಮೊದಲು ಟೀ ಬಣ್ಣದ ನೀರು ಬಂತು, ಆಮೇಲೆ ಒದ್ದೆ ಮರದ ಪುಡಿ. ನಾನು ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಅವ್ವ, ನಿರ್ಮಲ, ಲೋಕೇಶನ ಮಕ್ಕಳು, ಎಲ್ಲರೂ ಇದಕ್ಕೆ ಬೆನ್ನು ಕೊಟ್ಟು ಕೂರುವವರಿದ್ದರು. ನನಗೆ ನಿಜವಾಗಿ ಭಯವಾದದ್ದು ಆಗ. ನೀರು ಸುತ್ತಮುತ್ತ ಎಲ್ಲೂ ಇರಲಿಲ್ಲ.

‘ಒಳ್ಳೇದು ಅಂತ ನಂಬ್ಕಂಡೇ ಅಂದಿದ್ದು ಕಣ್ರೀ,’ ಎಂದರು ಬಸವರಾಜಣ್ಣ. ಅದು ನಿಜ, ನನ್ನಷ್ಟೇ ನಂಬಿದ್ದರು. ನಮಗೆಲ್ಲ ಎಳನೀರು ಕೊಚ್ಚಿಸಿ ಕೊಟ್ಟು, ಇನ್ನು ಇದನ್ನು ಯಾರಿಗೂ ಮಾರುವುದಿಲ್ಲ, ಕಣವಾಗಿಯೇ ಇರಲಿ ಎಂದರು.

ದಾರಿಯಲ್ಲಿ ನನಗೆ ನಿಧಾನವಾಗಿ ಅರ್ಥವಾಯಿತು. ನಾನು ಬೇಡಿಕೊಂಡಿದ್ದ ನಿಜವಾದ ದೋಷ ಸಿಕ್ಕಿತ್ತು. ನಾನೇ ಹುಡುಕಿದ್ದೆ. ಹುಡುಕಿ, ಕೈಯಿಟ್ಟು, ಹೊಗಳಿದ್ದೆ. ಮನೆಗೆ ಬಂದ ಮೇಲೆ ನಿರ್ಮಲ, ‘ನಿಮಗೆ ನೀರು ಕಂಡ್ರೆ ಹೆದರಿಕೆ ಅಂತ ನಂಗೊತ್ತು. ಅವತ್ತು ದೋಣೀಲೇ ನೋಡ್ದೆ. ಲೋಕಿಗೆ ಹೇಳ್ಬುಡಿ, ಯಾರೇನೂ ಅನ್ಕಳಲ್ಲ,’ ಎಂದಳು. ‘ನನಗೆಂಥ ಹೆದರಿಕೆ?’ ಎಂದು ನಾನು ಎದ್ದು ತೋಟದ ಕಡೆ ಹೋದೆ.

ಮೊನ್ನೆ ಲೋಕೇಶನ ಫೋನು ಬಂತು. ‘ಭಾವ, ಅವತ್ತು ತಟ್ಟಿದೋರು ಯಾರು ಅಂತ ಮೇಸ್ತ್ರಿ ಕೇಳ್ತಾನೇ ಅವ್ರೆ. ಸುತ್ತಿಗೆ ಇಲ್ದೆ ಬರೀ ಕೈಯಲ್ಲಿ ಸರಿಯಾದ ಜಾಗ ಹಿಡಿದವ್ರನ್ನ ಅವ್ರು ನೋಡೇ ಇಲ್ವಂತೆ. ಇಲ್ಲೊಂದು ಹಳೇ ದೋಣಿ ಬಂದೈತೆ, ನಿಮ್ಮನ್ನೇ ಕರ್ಕಂಬಾ ಅಂತಾರೆ. ಇದು ನೀರಲ್ಲೇ ಐತೆ. ಸಮುದ್ರದ ಮೇಲೆ ಜೋರಾಗಿ ಓಡ್ಸಿ, ಓಡ್ತಿರೋವಾಗ್ಲೇ ಹಿಂದೆ ಬಗ್ಗಿ ತಟ್ಟಿ ನೋಡ್ಬೇಕಂತೆ. ಬತ್ತೀರಲ್ಲ?’

ನಿರ್ಮಲ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎಂದುಕೊಂಡೆ. ನನಗೆ ನೀರೆಂದರೆ ಭಯ ಎಂದು ಹೇಳಲು ಉಸಿರೆಳೆದುಕೊಂಡು ಬಾಯಿ ತೆರೆದೆ.

‘ಬತ್ತೀನಿ. ಸುತ್ತಿಗೆ ಕೊಟ್ರೂ ನಾನು ಮುಟ್ಟಲ್ಲ, ಬರೀ ಕೈಯೇ ಸಾಕು ಅಂತ ಮೇಸ್ತ್ರಿಗೆ ಈಗ್ಲೇ ಹೇಳಿಡು,’ ಎಂದೆ.