ಹಾಲ್‌ನಲ್ಲಿ ಯಾರೂ ಇಲ್ಲ

ಮನೆಯಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ಎಂಬುದು ದೀಪಕ್ಕೇ ತಿಳಿಯಬೇಕು. ಇದ್ದರೆ ತಾನಾಗಿ ಬೆಳಗಬೇಕು, ಇಲ್ಲದಿದ್ದರೆ ಮರ್ಯಾದೆಯಿಂದ ಆರಬೇಕು. ಇಷ್ಟನ್ನು ಸಾಧಿಸುವುದಕ್ಕೆ ನಮ್ಮ ಎಂಜಿನಿಯರ್ ತಮ್ಮ ಬದುಕಿನ ಇಪ್ಪತ್ತೆರಡು ವರ್ಷಗಳನ್ನೂ ತಲೆಯ ಮುಕ್ಕಾಲು ಪಾಲು ಕೂದಲನ್ನೂ ಧಾರೆ ಎರೆದಿದ್ದರು.

ಎಲ್‌ಇಡಿ ದೀಪಗಳು ಮಿಣುಕುಹುಳುವಿನಷ್ಟೇ ಬೆಳಕು ಕೊಡುತ್ತಿದ್ದ ಕಾಲದಲ್ಲಿ ಪ್ರಯೋಗಾಲಯದ ಬಾಗಿಲು ಹೊಕ್ಕವರು ಅವರು. ಮೊದಲ ಐದು ವರ್ಷ ದೀಪ ಬಿಸಿಯಾಗದಂತೆ ನೋಡಿಕೊಂಡರು. ಆಮೇಲಿನ ಆರು ವರ್ಷ, ಯಾರ ಕಣ್ಣಿಗೂ ಕಾಣದ ಒಂದು ಮಿನುಗನ್ನು ತೊಲಗಿಸಿದರು (ಅದು ತೊಲಗಿದ್ದೂ ಯಾರ ಕಣ್ಣಿಗೂ ಕಾಣಲಿಲ್ಲ). ಇನ್ನುಳಿದ ವರ್ಷಗಳಲ್ಲಿ ಕರೆಂಟಿನ ಒಂದೊಂದು ತೊಟ್ಟನ್ನೂ ಉಳಿಸುವ ವಿದ್ಯೆಯ ಮೇಲೆ ಹದಿನಾಲ್ಕು ಪ್ರಬಂಧ ಬರೆದರು. ಅವನ್ನು ಓದಿದವರು ಮೂವರು. ಅವರಲ್ಲಿ ಇಬ್ಬರು ಪರೀಕ್ಷಕರು, ಓದದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಮಗ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಎಂಜಿನಿಯರ ತಾಯಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ದೀಪ ಆರಿಸೋದು ಹೇಗೆ ಅಂತ ಓದ್ತಿದಾನಮ್ಮ. ಇನ್ನೂ ಮುಗಿದಿಲ್ಲ."

ಈಗ ಅದು ಮುಗಿಯುವ ಘಟ್ಟಕ್ಕೆ ಬಂದಿತ್ತು. ಯೋಜನೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಒಂದು ಸಮಿತಿ ಬರುವುದಿತ್ತು. ದೀಪಗಳನ್ನು ಒಂದು ನಿಜವಾದ ಮನೆಯಲ್ಲಿ, ನಿಜವಾದ ಜನರ ನಡುವೆ ಒಂದು ತಿಂಗಳು ನಡೆಸಿ ತೋರಿಸಬೇಕು, ಕೊನೆಗೆ ಆ ಮನೆಯವರು ಒಂದು ಫಾರಂ ತುಂಬಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು ಎನ್ನುವುದು ಸಮಿತಿಯ ಷರತ್ತು. ನಿಜವಾದ ಮನೆ ಎಂದರೆ ಎಂಜಿನಿಯರಿಗೆ ಗೊತ್ತಿದ್ದದ್ದು ಒಂದೇ. ಅಲ್ಲಿ ಅವರ ಹೆಂಡತಿ ಮತ್ತು ತಾಯಿ ಇದ್ದರು. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಎಂಬುದು ಮಾತ್ರ ಅಂಕದ ದೃಷ್ಟಿಯಿಂದ ಸ್ವಲ್ಪ ಅಪಾಯದ ಸಂಗತಿಯಾಗಿತ್ತು.

ಅತ್ತೆ ಸೊಸೆ ಇಬ್ಬರೂ ನೆಂಟರ ಮನೆಗೆ ಹೋಗಿದ್ದ ಒಂದು ಭಾನುವಾರ ಎಂಜಿನಿಯರ್ ಏಣಿ ಹತ್ತಿ, ಪ್ರತಿ ಕೋಣೆಯ ಚಾವಣಿಗೂ ಪುಟ್ಟ ಬಟ್ಟಲು ಬೋರಲು ಹಾಕಿದಂತಿದ್ದ ಒಂದೊಂದು ಸೆನ್ಸರ್ ಕೂರಿಸಿದರು. ಆಮೇಲೆ ಹಾಲ್‌ನ ಕುರ್ಚಿಯಲ್ಲಿ ಇಡೀ ದಿನ ಕೂತು, ಮನುಷ್ಯ ಎಂದರೆ ಏನು ಎಂದು ಆ ಸೆನ್ಸರುಗಳಿಗೆ ಪಾಠ ಹೇಳಿದರು. ಕುರ್ಚಿಯಲ್ಲಿ ಕೂತ ಮನುಷ್ಯ ಎಷ್ಟು ಅಲ್ಲಾಡುತ್ತಾನೋ ಅಷ್ಟು ಅಲ್ಲಾಟ ಕಂಡರೆ ದೀಪ ಉರಿಯಬೇಕು. ಎರಡು ನಿಮಿಷ ಕಾಣದಿದ್ದರೆ ಮಂಕಾಗಬೇಕು, ಮೂರಕ್ಕೆ ಆರಬೇಕು.

ತಿಂಗಳು ಅದ್ಭುತವಾಗಿ ನಡೆಯಿತು. ಎಂಜಿನಿಯರ್ ರಾತ್ರಿ ಎಂಟಕ್ಕೆ ಪ್ರಯೋಗಾಲಯದಿಂದ ಬಂದು ಎಲ್ಲಿ ಕೂತರೆ ಅಲ್ಲಿ ಬೆಳಕೋ ಬೆಳಕು. "ರೀ, ನೀವಿಲ್ಲದಾಗ ಇದು ಆರಿಹೋಗತ್ತೆ" ಎಂದು ಹೆಂಡತಿ ಮೊದಲ ವಾರದಲ್ಲೇ ಹೇಳಿದ್ದರು. "ಹೂಂ, ಅಭ್ಯಾಸ ಆಗತ್ತೆ" ಎಂದಿದ್ದರು ಇವರು. ದೀಪಕ್ಕೆ ಅಭ್ಯಾಸವಾಗುತ್ತದೋ ಹೆಂಡತಿಗೋ ಎಂದು ಬಿಡಿಸಿ ಹೇಳಿರಲಿಲ್ಲ.

ತಿಂಗಳ ಕೊನೆಗೆ ಉಳಿತಾಯ ಶೇಕಡಾ ಅರವತ್ತೊಂದು! ಎಂಜಿನಿಯರ್ ವರದಿಯನ್ನು ಸಮಿತಿಗೆ ಕಳಿಸಿ, ಗ್ರಾಫನ್ನು ಹೆಂಡತಿಯ ಮುಂದೆ ಹರಡಿದರು.

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. "ದಿನಾ ಸಂಜೆ ಆರರಿಂದ ಎಂಟರವರೆಗೆ ಏನೂ ಇಲ್ವಲ್ಲ. ಏನಿದು?"

"ಅದೇ ಕಣೇ ನಮ್ಮ ದೊಡ್ಡ ಉಳಿತಾಯ! ಆಗ ಹಾಲ್‌ನಲ್ಲಿ ಯಾರೂ ಇಲ್ಲ."

"ನಾನು ಎಲ್ಲಿದ್ದೆ?"

"ಎಲ್ಲಿ?"

"ಹಾಲ್‌ನಲ್ಲೇ ಇದ್ದೆ. ದಿನಾ ಅಲ್ಲೇ ಕೂತು ಉತ್ತರಪತ್ರಿಕೆ ತಿದ್ದಿದೀನಿ. ನಿಮ್ಮ ದೀಪ ಆರಿಹೋಗತ್ತೆ ಅಂತ ಒಂದು ಬ್ಯಾಟರಿ ಲೈಟು ತಗೊಂಡಿದೀನಿ, ಸ್ಕೂಲಲ್ಲೇ ಚಾರ್ಜ್ ಮಾಡ್ಕೊಂಡು ಬರ್ತೀನಿ." ಮೇಡಂ ಕಾಗದವನ್ನು ಮೆಲ್ಲಗೆ ಮಡಿಸಿಟ್ಟರು. "ನಾನಿರೋವಾಗ ಯಾರೂ ಇಲ್ಲ ಅಂತ ಬರೆದಿದೆ. ಹಾಗಾದ್ರೆ ನಾನು ಯಾರೂ ಅಲ್ವಾ ರೀ?"

ಎಂಜಿನಿಯರ್ ಏಣಿ ತಂದು ಹತ್ತಿದರು. ಸೆನ್ಸರ್ ಕೆಟ್ಟಿದೆಯೇನೋ ಎಂದು ಬಿಚ್ಚಿ ನೋಡಿದರು, ಸರಿಯಾಗಿತ್ತು. ವೈರು ನೋಡಿದರು, ಸರಿಯಾಗಿತ್ತು. ತಲೆಯ ಮೇಲೆ ಕೈ ಹೊತ್ತು ಕೂತರು. ಅವರು ಕೂತದ್ದೇ ತಡ, ದೀಪ ಝಗ್ಗನೆ ಬೆಳಗಿತು.

"ಲೋ, ಅದನ್ನೇನು ನೋಡ್ತೀಯ, ನಿನ್ನ ಕಾಲು ನೋಡ್ಕೋ" ಎಂದರು ತಾಯಿ.

ಎಂಜಿನಿಯರ್ ಬಗ್ಗಿ ನೋಡಿದರು. ಅವರ ಬಲಗಾಲು ಹೊಲಿಗೆ ಯಂತ್ರದ ಹಾಗೆ ಟಕಟಕ ಕುಣಿಯುತ್ತಿತ್ತು.

"ಕೂತ್ಕೊಂಡಾಗ ಕಾಲು ಅಲ್ಲಾಡಿಸ್ಬೇಡ ಅಂತ ನೀನು ಒಂದನೇ ಕ್ಲಾಸಲ್ಲಿದ್ದಾಗಿಂದ ಬಡ್ಕೋತಿದೀನಿ. ಈಗ ನೋಡು, ಕಾಲು ಅಲ್ಲಾಡಿಸೋರು ಮಾತ್ರ ಮನುಷ್ಯರು ಅಂತ ಆ ಬಟ್ಟಲಿಗೆ ಕಲಿಸಿಬಿಟ್ಟಿದೀಯ! ನನ್ನ ರೂಮಲ್ಲಿ ಒಂದು ತಿಂಗಳಿಂದ ಕೈ ಬೀಸಿ ಬೀಸಿ ತೋಳು ಬಿದ್ದುಹೋಗಿದೆ. ಮಂತ್ರಿಗಳೂ ಇಷ್ಟು ಕೈ ಬೀಸಲ್ಲ ಕಣೋ."

ಇಪ್ಪತ್ತೆರಡು ವರ್ಷಗಳ ವಿಜ್ಞಾನ ಒಂದು ಬಲಗಾಲಿನ ಮೇಲೆ ನಿಂತಿತ್ತು.

ಸಮಿತಿ ಬರಲು ಆರು ದಿನವಿತ್ತು. ಸುಮ್ಮನಿದ್ದರೆ ಅರವತ್ತೊಂದು ಹಾಗೇ ಉಳಿಯುತ್ತದೆ, ಯೋಜನೆಯೂ ಉಳಿಯುತ್ತದೆ. ಇಡೀ ದಿನ ಅವರು ಆ ಸಂಖ್ಯೆಯನ್ನೂ ಮಡಿಸಿಟ್ಟ ಗ್ರಾಫನ್ನೂ ಬದಲಿಸಿ ಬದಲಿಸಿ ನೋಡಿದರು. ಮರುದಿನ ಸಂಜೆ, ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ, ಆರು ಗಂಟೆಗೇ ಮನೆಗೆ ಬಂದರು.

"ಮೈಗೆ ಹುಷಾರಿಲ್ವಾ?" ಎಂದರು ಮೇಡಂ ಗಾಬರಿಯಿಂದ.

"ಹುಷಾರಾಗಿದೀನಿ. ಸೆನ್ಸರಿಗೆ ಹೊಸದಾಗಿ ಪಾಠ ಹೇಳ್ಬೇಕು. ನೀನು ನಿನ್ನ ಪಾಡಿಗೆ ಪತ್ರಿಕೆ ತಿದ್ದು. ನಾನು ನೋಡಿ ಬರ್ಕೋತೀನಿ."

"ಏನನ್ನ?"

"ನಿನ್ನನ್ನ."

ತಾಯಿಗೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಯಿತು. ಹೋಗುವ ಮುನ್ನ, ಮಗನ ಕೋರಿಕೆಯ ಮೇರೆಗೆ, ಅವನ ಬಲಗಾಲನ್ನು ಕುರ್ಚಿಯ ಕಾಲಿಗೆ ಟವೆಲಿನಿಂದ ಬಿಗಿದು ಗಂಟು ಹಾಕಿ ಹೋದರು. (ಎಷ್ಟೋ ವರ್ಷಗಳ ಆಸೆ ಆ ಗಂಟಿನಲ್ಲಿತ್ತು.)

ಹೀಗೆ ಮೂರು ಸಂಜೆ. ಸುಮ್ಮನೆ ಕೂತ ಮನುಷ್ಯರು ಸುಮ್ಮನಿರುವುದಿಲ್ಲ ಎಂಬುದು ಎಂಜಿನಿಯರಿಗೆ ಆಗ ತಿಳಿಯಿತು. ತಪ್ಪು ಉತ್ತರ ಕಂಡರೆ ಮೇಡಂ ಅವರ ಎಡಹುಬ್ಬು ತುಸು ಏರುತ್ತಿತ್ತು. ತೀರಾ ದಡ್ಡ ಮಗುವೊಂದು ಹೇಗೋ ಸರಿ ಮಾಡಿದ್ದರೆ ಪೆನ್ನು ಒಂದು ಗಳಿಗೆ ಗಾಳಿಯಲ್ಲೇ ನಿಂತು, ಆಮೇಲೆ ಆ ಸರಿ ಗುರುತನ್ನು ಉಳಿದವಕ್ಕಿಂತ ದೊಡ್ಡದಾಗಿ ಹಾಕುತ್ತಿತ್ತು. ಅಂಕ ಕೂಡಿಸುವಾಗ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಎಂಜಿನಿಯರ್ ಗಂಟೆ, ನಿಮಿಷ ಹಾಕಿ ಎಲ್ಲವನ್ನೂ ಬರೆದುಕೊಂಡರು. 'ಆರು ನಲವತ್ತೆರಡು: ಬಲ ಮೊಣಕಾಲು ಒತ್ತಿಕೊಂಡಳು. ಏಳು ಐದು: ಮತ್ತೆ ಒತ್ತಿಕೊಂಡಳು.'

"ಮೊಣಕಾಲು ನೋವಾ?"

"ಎರಡು ವರ್ಷ ಆಯ್ತು."

"ನನಗೆ ಹೇಳ್ಲೇ ಇಲ್ವಲ್ಲ!"

"ಹೇಳಿದ್ದೆ. ಹೂಂ ಅಂದಿದ್ರಿ."

ಎಂಜಿನಿಯರ್ ಅದನ್ನೂ ಬರೆದುಕೊಂಡರು. ಮರುದಿನ ಬರುವಾಗ ಮುಲಾಮು ತಂದಿದ್ದರು.

ಹೊಸ ಪಾಠ ಕಲಿತ ಸೆನ್ಸರುಗಳು ಈಗ ಹುಬ್ಬಿನ ಏರಿಳಿತಕ್ಕೂ ಎಚ್ಚೆತ್ತುಕೊಳ್ಳುತ್ತಿದ್ದವು. ಮೇಡಂ ಎಷ್ಟೇ ಅಲುಗಾಡದೆ ಕೂತರೂ ಬೆಳಕು ಅವರನ್ನು ಬಿಟ್ಟು ಹೋಗುತ್ತಿರಲಿಲ್ಲ. ತೊಂದರೆ ಎಂದರೆ, ಪರದೆ ಅಲುಗಿದರೂ ಬೆಳಕು, ತಾಯಿ ಗೊರಕೆ ಹೊಡೆದರೂ ಬೆಳಕು. ಉಳಿತಾಯ ಅರವತ್ತೊಂದರಿಂದ ಜಾರಿ ಹದಿನಾಲ್ಕಕ್ಕೆ ಬಂದು ಬಿತ್ತು.

ಸಮಿತಿಯ ಅಧ್ಯಕ್ಷೆ ಬಂದೇಬಿಟ್ಟರು. ನಗುವುದನ್ನು ಯಾರೋ ನಿಷೇಧಿಸಿದ್ದಾರೆ ಎಂಬಂಥ ಮುಖ. ಎಂಜಿನಿಯರ್ 'ಮನುಕುಲ ಮತ್ತು ಬೆಳಕು' ಎಂದು ನಲವತ್ತು ನಿಮಿಷದ ಭಾಷಣ ಸಿದ್ಧ ಮಾಡಿಕೊಂಡಿದ್ದರು. "ಮನುಕುಲ..." ಎನ್ನುವಷ್ಟರಲ್ಲಿ ಅಧ್ಯಕ್ಷೆ ಕೈ ಎತ್ತಿದರು.

"ಉಳಿತಾಯ ಎಷ್ಟು?"

"ಹದಿನಾಲ್ಕು ಪರ್ಸೆಂಟ್."

"ನೀವು ಕಳಿಸಿದ ವರದಿಯಲ್ಲಿ ಅರವತ್ತೊಂದು ಅಂತಿದೆ."

"ಅದರಲ್ಲಿ ನನ್ನ ಹೆಂಡತಿ ಇರ್ಲಿಲ್ಲ."

"ಊರಿಗೆ ಹೋಗಿದ್ರಾ?"

"ಇಲ್ಲ. ಇಲ್ಲೇ ಇದ್ದಳು."

ಅಧ್ಯಕ್ಷೆ ಎಂಜಿನಿಯರನ್ನು ಒಮ್ಮೆ, ಮೇಡಂ ಅವರನ್ನು ಒಮ್ಮೆ ನೋಡಿ, ಅಂಕದ ಫಾರಂಗೆ ಕೈ ಚಾಚಿದರು. ಮೇಡಂ ಕೊಟ್ಟರು. ಹತ್ತಕ್ಕೆ ಐದೂವರೆ.

ತಾಯಿ "ಅಯ್ಯೋ, ಒಂದು ಆರಾದ್ರೂ ಹಾಕ್ಬಾರ್ದಿತ್ತೇನೇ" ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ಬೇರೆ ಬೇರೆ ಎಂಜಿನಿಯರುಗಳ ಹನ್ನೊಂದು ಮನೆ ನೋಡ್ಕೊಂಡು ಬಂದಿದೀನಿ," ಎಂದರು ಅಧ್ಯಕ್ಷೆ. "ಎಲ್ಲಾ ಕಡೆ ಹತ್ತಕ್ಕೆ ಹತ್ತು. ಎಲ್ಲಾ ಕಡೆ ಮನೆಯವರು ಅಂಕ ಹಾಕೋ ಮುಂಚೆ ಎಂಜಿನಿಯರ ಮುಖ ನೋಡಿದ್ರು. ನಂಬೋ ಹಾಗಿರೋ ಫಾರಂ ಸಿಕ್ಕಿದ್ದು ಇದೊಂದೇ. ಎರಡು ವರ್ಷ ಮುಂದುವರಿಸಿ. ಒಂದೇ ಷರತ್ತು: ಇನ್ನು ಮುಂದೆ ವರದಿಗೆ ಇವರು ಸಹಿ ಹಾಕ್ಬೇಕು. ನಿಮ್ಮದು ಬೇಡ."

ಅಧ್ಯಕ್ಷೆ ಹೊರಟುಹೋದರು. ತಾಯಿ ಈ ಸುದ್ದಿಯನ್ನು ಪಕ್ಕದ ಮನೆಗೆ ಮುಟ್ಟಿಸಲು ಹೋದರು. ಮೇಡಂ ಹಾಲ್‌ನಲ್ಲಿ ಕೂತು ಉತ್ತರಪತ್ರಿಕೆಯ ಕಟ್ಟು ಬಿಚ್ಚಿದರು. ಎಂಜಿನಿಯರ್ ಸ್ವಲ್ಪ ಹೊತ್ತು ಅತ್ತಿಂದಿತ್ತ ಓಡಾಡಿ, ಕೊನೆಗೆ ತಡೆಯಲಾರದೆ ಪಕ್ಕದಲ್ಲಿ ಕೂತರು.

"ಅಲ್ಲ ಕಣೇ, ಐದೂವರೆ ಅಂತ ಹೇಗೆ ಲೆಕ್ಕ ಹಾಕ್ದೆ?"

"ಉತ್ತರ ತಪ್ಪಾದ್ರೂ ಹಂತಗಳಿಗೆ ಅಂಕ ಕೊಡ್ತೀವಿ ರೀ." ಮೇಡಂ ತಲೆ ಎತ್ತಲಿಲ್ಲ, ಕಿವಿ ಮಾತ್ರ ಸ್ವಲ್ಪ ಕೆಂಪಾಗಿತ್ತು. "ಕೆಲಸ ಬಿಟ್ಟು ಬೇಗ ಬಂದು, ಮೂರು ಸಂಜೆ ನನ್ನನ್ನ ನೋಡ್ತಾ ಕೂತಿದ್ರಲ್ಲ. ಅದಕ್ಕೆ ಐದು."

ಎಂಜಿನಿಯರ ಎದೆ ಉಬ್ಬಿತು.

"ಮತ್ತೆ ಇಪ್ಪತ್ತೆರಡು ವರ್ಷದ ಸಂಶೋಧನೆಗೆ?"

"ಅರ್ಧ," ಎಂದು ಮೇಡಂ ಮುಂದಿನ ಪತ್ರಿಕೆ ತೆರೆದರು. "ಅದೂ ಗ್ರಾಫು ನೀಟಾಗಿತ್ತು ಅಂತ."