ಮೇಂಗ್ ಸಾಹೇಬರ ಅವತಾರ ಸಮಾಪ್ತಿಯಾಗದ ಪ್ರಕರಣ

ಸಿಯೋಲ್ ನಗರದ ನಮ್ಮ ಕಂಪನಿಯಲ್ಲಿ ಮೇಲಧಿಕಾರಿ ಹೊರಡುವ ಮುನ್ನ ಕೆಳಗಿನವರು ಏಳತಕ್ಕದ್ದಲ್ಲ. ಕಚೇರಿಯನ್ನು ಮೆಟಾವರ್ಸ್ ಎಂಬ ಕಂಪ್ಯೂಟರ್ ಲೋಕಕ್ಕೆ ಸ್ಥಳಾಂತರಿಸಿದ ಮೇಲೂ ಈ ನಿಯಮಕ್ಕೆ ಚ್ಯುತಿ ಬಂದಿಲ್ಲವೆಂದು ಹಾಜರಿ ವಿಭಾಗದವನಾದ ನಾನು ಪ್ರಮಾಣೀಕರಿಸುತ್ತೇನೆ. ನಾವು ನಮ್ಮ ನಮ್ಮ ಮನೆಯಲ್ಲೇ ಹೆಡ್‌ಸೆಟ್ ಕಟ್ಟಿಕೊಂಡು ಕೂರುತ್ತೇವೆ; ಕಚೇರಿಯಲ್ಲಿ ನಮ್ಮ ಅವತಾರಗಳು ಕೂರುತ್ತವೆ. ಹೊರಡುವಾಗ 'ಅವತಾರ ಸಮಾಪ್ತಿ' ಎಂಬ ಗುಂಡಿ ಒತ್ತಬೇಕು.

ಸೋಮವಾರ ನಮ್ಮ ಮುಖ್ಯಸ್ಥರಾದ ಮೇಂಗ್ ಸಾಹೇಬರು ಗುಂಡಿ ಒತ್ತುವುದನ್ನು ಮರೆತು, ಹೆಡ್‌ಸೆಟ್ ಕಳಚಿಟ್ಟು ಮೀನು ಹಿಡಿಯಲು ಹೋದವರು ಮೂರು ದಿನ ಮರಳಲಿಲ್ಲ. ಅವರ ಅವತಾರ ಕಿಟಕಿಯ ಬಳಿ ಕೈಕಟ್ಟಿ ನಿಂತೇ ಇತ್ತು. ಹೀಗಾಗಿ ನಾವು ಹನ್ನೊಂದು ಜನವೂ ಏಳಲಿಲ್ಲ. ಊಟ, ನಿದ್ದೆ ಎಲ್ಲ ಹೆಡ್‌ಸೆಟ್ ಸಮೇತ ಕುರ್ಚಿಯಲ್ಲೇ. ಮೂರು ದಿನ ಒಂದು ಕ್ಷಣವೂ ಕದಲದ ಏಕೈಕ ಅಧಿಕಾರಿಯೆಂದು ಮೆಚ್ಚಿ ಆಡಳಿತ ಮಂಡಳಿ ಆ ಅವತಾರಕ್ಕೆ ನಿರ್ದೇಶಕ ಹುದ್ದೆಗೆ ಬಡ್ತಿ ಕೊಟ್ಟಿತು. ನಾವು ಅಭಿನಂದಿಸಿದೆವು. ಅದು ಕಿಟಕಿಯಾಚೆ ನೋಡುತ್ತಿತ್ತು.

ಗುರುವಾರ ಪಕ್ಕದ ಮೇಜಿನ ಸೆಯಾಳ ಮಗನ ಮೊದಲ ಹುಟ್ಟುಹಬ್ಬ. ಹಬ್ಬ ಅವಳದೇ ನಡುಮನೆಯಲ್ಲಿ. ಅವಳು ಪಕ್ಕದ ಕೋಣೆಯಲ್ಲಿ, ಅಂದರೆ ಕಚೇರಿಯಲ್ಲಿ. ಆ ದಿನ ನಮ್ಮಲ್ಲಿ ಮಗುವಿನ ಮುಂದೆ ತಟ್ಟೆಯಲ್ಲಿ ನೂಲು, ಪೆನ್ಸಿಲ್, ನೋಟು ಇಡುತ್ತಾರೆ. ಹಿಡಿದದ್ದೇ ಅದರ ಭವಿಷ್ಯ. ಅದೊಂದನ್ನು ಕಣ್ಣಾರೆ ನೋಡಬೇಕೆಂದು ಅವಳ ಆಸೆ. ಆದರೆ ನಿಯಮ ನಿಯಮವೇ ತಾನೆ.

ಅವಳು ಸಾಹೇಬರಿಗೆ ಫೋನು ಮಾಡಿದಳು. ಪುಣ್ಯಾತ್ಮರು ಕೂಡಲೇ ಬಂದರು. ತಮ್ಮ ಅವತಾರ ಕರ್ತವ್ಯದಲ್ಲಿದ್ದ ಕಾರಣ ಸಂದರ್ಶಕರ ಅವತಾರದಲ್ಲಿ ಬಂದರು. ಕಿಟಕಿಯ ಬಳಿ ನಿಂತಿದ್ದ ತಮ್ಮ ಅವತಾರದ ಎದೆಯ ಮೇಲಿನ ಫಲಕದಲ್ಲಿ ಹೊಸ ಹುದ್ದೆ ಓದಿ, ಸೊಂಟ ಬಗ್ಗಿಸಿ ವಂದಿಸಿದರು.

"ಸಾರ್, ಅದು ನೀವೇ ಅಲ್ವಾ? ಒಂದು ಗುಂಡಿ ಒತ್ತಿಬಿಡಿ ಸಾರ್," ಎಂದಳು ಸೆಯಾ.

"ನಾನೇ ಇರಬಹುದಮ್ಮ," ಎಂದರು ಸಾಹೇಬರು ಮೆಲ್ಲಗೆ, "ಆದ್ರೆ ಈಗ ಅವರು ನನಗಿಂತ ದೊಡ್ಡೋರು. ದೊಡ್ಡೋರ ಅವತಾರ ಸಮಾಪ್ತಿ ಮಾಡೋಕೆ ನಾನ್ಯಾರು?" ಕುರ್ಚಿ ಎಳೆದುಕೊಂಡು ಕೂತರು.

ಕಡೆಗೆ ಸೆಯಾಳ ಅತ್ತೆಯೇ ತಟ್ಟೆ, ಮಗು ಎರಡನ್ನೂ ಅವಳ ಕೋಣೆಗೆ ತಂದರು. ಮಗು ನೂಲು ಮುಟ್ಟಲಿಲ್ಲ, ನೋಟು ಮುಟ್ಟಲಿಲ್ಲ. ಅಮ್ಮನ ಮುಖದ ಮೇಲಿದ್ದ ಹೆಡ್‌ಸೆಟ್ ಹಿಡಿದು ಎಳೆದೇಬಿಟ್ಟಿತು. ನಾಲ್ಕು ದಿನದ ಮೇಲೆ ಮಗನ ಮುಖ ಕಂಡೆ, ನನ್ನ ನೋಡಿ ನಕ್ಕ ಎಂದು ಅವಳು ಆಮೇಲೆ ಹೇಳಿದಳು. ಅಷ್ಟರಲ್ಲಿ ಅತ್ತೆಯ ದನಿ ಅವಳ ಮೈಕಿನಲ್ಲಿ ನಮಗೆಲ್ಲ ಕೇಳಿಸಿತು: "ಕಂಪ್ನಿನೇ ಹಿಡ್ಕೊಂಡ್ನಲ್ಲಾ ನನ್ನ ಕಂದ! ದೊಡ್ಡ ಅಧಿಕಾರಿ ಆಗ್ತಾನೆ ನೋಡ್ತಿರು."

ಅತ್ತೆ ಆನಂದಬಾಷ್ಪ ಒರೆಸಿಕೊಂಡು, ತಮ್ಮ ಕೈಯಾರೆ ಸೊಸೆಗೆ ಹೆಡ್‌ಸೆಟ್ ಮರಳಿ ಕಟ್ಟಿದರು. ಆ ಒಂದು ನಿಮಿಷದ ಗೈರುಹಾಜರಿಯನ್ನು ನಾನು ಮಾನವೀಯ ದೃಷ್ಟಿಯಿಂದ ನಮೂದಿಸಲಿಲ್ಲ. ಮೇಂಗ್ ಸಾಹೇಬರೂ ಸೇರಿ ನಾವೆಲ್ಲ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದೆವು. ನಿರ್ದೇಶಕರು ಇನ್ನೂ ಹೊರಟಿರಲಿಲ್ಲವಲ್ಲ.