ಜೋಧಪುರದ ಪೇಟ, ಬಾಥೆಲ್ಲಿನ ಅವರೆ

ಎಲ್ಲಕ್ಕೂ ಮೂಲ ಒಂದು ಕುದುರೆ. ಅದಿನ್ನೂ ಬಂದಿರಲಿಲ್ಲ. ಬರುತ್ತದೆ ಎಂಬ ಸುದ್ದಿಗೇ ಅಚ್ಯುತ ಮೂರು ಸಲ ತನ್ನ ಗರಾಜಿನ ಬಾಗಿಲು ಎಳೆದು ನೋಡಿದ್ದ.

ಪಕ್ಕದ ಮನೆಯ ಪ್ರತಾಪ್ ಸಿಂಗ್ ಜೋಧಪುರದವನು. ಬೆಂಗಳೂರಿನಲ್ಲಿ ಓದಿ, ಕನ್ನಡ ಕಲಿತು, ಈಗ ಕಡಲಾಚೆಯ ಈ ಬಾಥೆಲ್ ಊರಿನ ಕ್ಯಾನ್ಯನ್ ಪಾರ್ಕಿನಲ್ಲಿ ಅಚ್ಯುತನ ಆಫೀಸಿನಲ್ಲೇ ಇದ್ದಾನೆ. ಇವತ್ತು ಅವನ ತಮ್ಮನ ಮದುವೆ. ಮಾರ್ವಾಡದ ರಜಪೂತ ಗಂಡು ಕುದುರೆ ಏರದೆ ಹಸೆಗೆ ಹೊರಡುವಂತಿಲ್ಲವಂತೆ. ದೂರದ ಫಾರ್ಮಿನಿಂದ ಬಿಳಿಯ ಹೆಣ್ಣು ಕುದುರೆಯೊಂದು ಮಧ್ಯಾಹ್ನ ಬರುವುದಿತ್ತು. ಮೆರವಣಿಗೆ ಸಂಜೆ. ಹೊರಗೆ ಜಡಿಮಳೆ. ಅಲ್ಲಿಯವರೆಗೆ ಅದನ್ನು ಕಟ್ಟುವುದೆಲ್ಲಿ?

“ಅಚ್ಯುತನ ಗರಾಜಲ್ಲಿ ಕಟ್ಟಿ. ಕಾರೇ ನಿಲ್ಸಲ್ಲ ಅವನು” ಎಂದು ಪುಕ್ಕಟೆ ಸಲಹೆ ಕೊಟ್ಟವರು ಎದುರುಮನೆಯ ವಾಸಂತಿ.

ಕಾರು ನಿಲ್ಲಿಸದ್ದಕ್ಕೆ ಕಾರಣವಿತ್ತು. ಗರಾಜಿನ ತುಂಬ ಸೊಗಡವರೆ. ಮೂರು ವರ್ಷ ಹಿತ್ತಿಲಲ್ಲಿ ಬಿತ್ತಿ ಚಳಿಗೆ ಬಲಿಕೊಟ್ಟ ಮೇಲೆ, ಈ ಸಲ ಕುಂಡಗಳಲ್ಲಿ ಹಾಕಿ, ದೀಪ ಕಟ್ಟಿ, ಹೀಟರ್ ಇಟ್ಟು, ಬಾಣಂತಿಯಂತೆ ಆರೈಕೆ ಮಾಡಿದ್ದ. ಕಾಯಿ ತುಂಬಿತ್ತು. ಮುಟ್ಟಿದರೆ ಬೆರಳಿಗಂಟುವ ಸೊಗಡು. ನಾಳೆ ಕನ್ನಡದ ಗೆಳೆಯರೆಲ್ಲ ಹಿತಕಿದ ಬೇಳೆ ಸಾರಿಗೆ ಬರುವವರಿದ್ದರು. ಹಿಂದೆಯೂ ಪ್ರತಿವರ್ಷ ಹೀಗೇ ಕರೆದು, ಕೊನೆಗೆ ಫ್ರೀಜರಿನ ಬಟಾಣಿ ಬಡಿಸಿ ನಗೆಪಾಟಲಾಗಿದ್ದ. ಈ ಸಲ ಮಾನ ಉಳಿಯಬೇಕಿತ್ತು.

“ಹೋಗಿ ಆಗಲ್ಲ ಅಂತ ಹೇಳ್ಬಿಟ್ಟು ಬನ್ನಿ” ಎಂದಳು ಹೆಂಡತಿ ಶಾಲಿನಿ. “ಯಾರಿಗಾದ್ರೂ ಇಲ್ಲ ಅಂದಿದ್ದು ಉಂಟಾ ನೀವು? ಇವತ್ತಾದ್ರೂ ಬಾಯಿ ಬಿಡಿ.”

ಪ್ರತಾಪನ ಮನೆಯೊಳಗೆ ಪೇಟಗಳ ಸಂತೆ ನೆರೆದಿತ್ತು. ಬಾಗಿಲಲ್ಲೇ ಯಾರೋ ಅಚ್ಯುತನ ತಲೆಗೂ ಒಂದು ಕೆಂಪು ಪೇಟ ಸುತ್ತಿದರು. ಪ್ರತಾಪನ ತಾಯಿ ಗೌರಾದೇವಿ ಚೂರ್ಮಾ ಲಾಡು ಹಿಡಿದು ಬಂದರು.

“ಬೇಡಮ್ಮ, ಬೇಡ.”

ಮುದುಕಿಯ ಮುಖ ಅರಳಿತು. ಲಾಡು ಅವನ ಬಾಯಿಗೇ ಬಂತು.

“ಇದು ನಮ್ಮ ಮನುಹಾರ್, ಅಚ್ಯುತ್ ಭಾಯ್” ಎಂದ ಪ್ರತಾಪ್. “ಒಳ್ಳೆ ಮನೆತನದವನು ಮೊದಲು ಬೇಡ ಅಂತಾನೆ. ನಾವು ಬಲವಂತ ಮಾಡ್ಬೇಕು. ಜಾಸ್ತಿ ಬೇಡ ಅಂದಷ್ಟೂ ಜಾಸ್ತಿ ಮರ್ಯಾದೆ.”

“ನಮ್ಮೂರಲ್ಲೂ ಹಂಗೇ, ಎಲೆಗೆ ಕೈ ಅಡ್ಡ ಹಿಡಿದವನಿಗೇ ಇನ್ನೊಂದು ಸೌಟು...” ಎಂದುಬಿಟ್ಟು ಅಚ್ಯುತ ನಾಲಿಗೆ ಕಚ್ಚಿಕೊಂಡ. “ಅದಿರ್ಲಿ ಪ್ರತಾಪ್, ಆ ಗರಾಜ್ ವಿಷಯ. ಆಗಲ್ಲ.”

ಪ್ರತಾಪ್ ಅದನ್ನು ತಾಯಿಗೆ ಹೇಳಿದ. ಅವರು ಅಚ್ಯುತನ ಮುಖ ನೀವಿ ನೆಟಿಕೆ ಮುರಿದು ದೃಷ್ಟಿ ತೆಗೆದರು.

“ಎಂಥ ಸಂಸ್ಕಾರ ಅಂತಿದಾರೆ ನಮ್ಮಮ್ಮ!”

“ಅಯ್ಯೋ, ನಿಜವಾಗ್ಲೂ ಆಗ...”

ಇನ್ನೊಂದು ಲಾಡು ಬಂದು ಬಾಯಿಗೆ ಬೆಣೆ ಹೊಡೆಯಿತು. ಉಸಿರು ಕಟ್ಟಿ ದಡಬಡಿಸಿ ಎದ್ದವನ ಪೇಟ ತೂಗುದೀಪಕ್ಕೆ ತಗುಲಿ, ಕಳಚಿ, ಬೂದುಗುಂಬಳದಂತೆ ನೆಲದ ಮೇಲೆ ಉರುಳಿತು. ಅವರ ಕಡೆ ಪೇಟ ನೆಲಕ್ಕೆ ಬಿದ್ದರೆ ಮಾನವೇ ನೆಲಕ್ಕೆ ಬಿದ್ದಂತೆ. ಪ್ರತಾಪ್ ಹಾರಿಬಂದು, ತನ್ನ ಪೇಟ ತೆಗೆದು ಅಚ್ಯುತನ ತಲೆಗಿಟ್ಟು, ಬಿದ್ದದ್ದನ್ನು ತಾನಿಟ್ಟುಕೊಂಡ. ಹೆಂಗಸರು ಸೋಬಾನೆ ಹೇಳುವಂತೆ ಹಾಡತೊಡಗಿದರು.

“ಏನಾಯ್ತೀಗ?” ಎಂದ ಅಚ್ಯುತ.

“ಪೇಟ ಬದಲಾಯ್ತಲ್ಲ! ನಮ್ಮ ಹಿಂದಿನ ರಾಜರು ಹೀಗೇ ಮಾಡ್ತಿದ್ರು. ಇನ್ಮೇಲೆ ನಾವು ಸಾಯೋವರೆಗೂ ಅಣ್ಣತಮ್ಮ. ನಿಮ್ಮನೆ ನಮ್ಮನೆ!”

ಅಚ್ಯುತ ಮನೆಗೆ ಓಡಿದ. ನೆಂಟನ ಗರಾಜಾದರೆ ಕೇಳಿಯಾದರೂ ನುಗ್ಗುತ್ತಾರೆ; ಅಣ್ಣನ ಗರಾಜಿಗೆ ಕೇಳುವ ಗೋಜೇ ಇಲ್ಲ! ಗಂಡಹೆಂಡಿರು ಕೊಡೆ ಹಿಡಿದು, ಕುಂಡಗಳನ್ನು ಒಂದೊಂದಾಗಿ ಹೊತ್ತು ರಸ್ತೆ ದಾಟಿಸಿ ವಾಸಂತಿಯ ಗರಾಜಿಗೆ ತಂದಿಟ್ಟರು.

“ಇಡೋ, ನಾವೇನು ಹೊರಗಿನವ್ರಾ?” ಎಂದರು ವಾಸಂತಿ. “ನಂಗೊಂದು ಡಬ್ಬಿ ಸಾರು ಮರೀಬೇಡ ಅಷ್ಟೆ.”

ಅಚ್ಯುತ ನಿರಾಳವಾದ. ತನ್ನ ಖಾಲಿ ಗರಾಜನ್ನು ಗುಡಿಸಿ, ಬಕೆಟ್ಟಿನಲ್ಲಿ ನೀರಿಟ್ಟು, ಪೇಟ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತ. ಇನ್ನು ಒಂದಲ್ಲ, ಹತ್ತು ಕುದುರೆ ಬರಲಿ. ಕಾದ. ಕಾಲು ಸೋತು ಒಳಗೆ ಹೋಗಿ ಕಾಫಿ ಕುಡಿದು ಬಂದ. ಬಂದದ್ದು ಪ್ರತಾಪನೊಬ್ಬನೇ.

“ಕುದುರೆ ಎಲ್ಲಿ?”

“ಬಂದಾಯ್ತು, ಭಾಯ್. ಅಮ್ಮ ನನಗೆ ಚೆನ್ನಾಗಿ ಬೈದ್ರು. ನೆಂಟನ ‘ಬೇಡ’ ಬೇರೆ, ಅಣ್ಣನ ‘ಬೇಡ’ ಬೇರೆ ಅಂತ. ಅಣ್ಣ ಆದ್ಮೇಲೆ ಸುಮ್ನೆ ಮರ್ಯಾದೆಗೆ ಹೇಳಲ್ಲ. ಹಂಗೆ ಎದ್ದು ಓಡಿದಾನೆ ಅಂದ್ರೆ ಏನೋ ನಿಜವಾದ ಕಷ್ಟ ಇರ್ಬೇಕು ಅಂದ್ರು. ನಿಮಗೆ ತೊಂದರೆ ಕೊಡ್ತೀನಾ ನಾನು?”

ಅಚ್ಯುತನ ಕಣ್ಣು ತುಂಬಿಬಂತು. “ಮತ್ತೆ ಎಲ್ಲಿ ಕಟ್ಟಿದ್ರಿ?”

“ವಾಸಂತಿ ಅವರ ಗರಾಜಲ್ಲಿ. ಅವರದು ಭಾರಿ ಮನೆತನ, ಭಾಯ್! ಆಗಲ್ಲ, ಒಳಗೆ ಅದೇನೋ ಅವರೆ ಇದೆ, ಬೇಡವೇ ಬೇಡ ಅಂತ ಕೈಮುಗಿದು ಕೂಗಿದ್ರು. ಅಷ್ಟು ಚೆನ್ನಾಗಿ ಬೇಡ ಅನ್ನೋರನ್ನ ನಾನು ಜೋಧಪುರದಲ್ಲೂ ನೋಡಿಲ್ಲ!”

ಮಳೆಯ ಗಾಳಿಯ ಜೊತೆ ಘಮ್ಮೆಂದು ಸೊಗಡು ತೇಲಿಬಂತು. ಶಾಲಿನಿ ಒಳಗೆ ಹೋಗಿ ಫ್ರೀಜರ್ ತೆರೆದಳು.

ಎದುರಿನ ಗರಾಜಿನಲ್ಲಿ ಬಿಳಿ ಕುದುರೆ ಹೊಟ್ಟೆ ಬಿರಿಯುವಂತೆ ಮೇದು, ಕಿವಿಯ ಮೇಲೊಂದು ಬಳ್ಳಿ ಇಳಿಬಿಟ್ಟುಕೊಂಡು ನಿಂತಿತ್ತು. ಗೌರಾದೇವಿ ಕೊನೆಯ ಕುಂಡದಿಂದ ಒಂದು ಗೊಂಚಲು ಕಾಯಿ ಕಿತ್ತು ಅದರ ಮೂತಿಗೆ ಹಿಡಿದರು. ಕುದುರೆ ಸಾಕು ಸಾಕೆಂಬಂತೆ ತಲೆ ಕೊಡವಿತು.

ಮುದುಕಿಯ ಮುಖ ಅರಳಿತು. ಎಂಥ ಸಂಸ್ಕಾರ! ಅವರು ಪ್ರೀತಿಯಿಂದ ಇನ್ನೊಂದು ಗೊಂಚಲಿಗೆ ಕೈ ಹಾಕಿದರು.